ಹಿಮ ಚಿರತೆಯ ಉಳಿವು ಇರುವುದು ಕುರಿರೊಪ್ಪದ ಕದದಲ್ಲಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ 23ರ ಅಂತರರಾಷ್ಟ್ರೀಯ ಹಿಮ ಚಿರತೆ ದಿನದ ನಿಮಿತ್ತ ತಮ್ಮ ಪತ್ರಿಕೆ ಮುಕ್ಕಾಲು ಪುಟದ ಬರಹ ಪ್ರಕಟಿಸಿದ್ದು ಒಳ್ಳೆಯದೇ ಆಯಿತು. ಈ ಪ್ರಾಣಿಗೆ ನಮ್ಮ ಪತ್ರಿಕೆಗಳಲ್ಲಿ ಇಷ್ಟು ಜಾಗ ಸಿಗುವುದು ಅಪರೂಪ. ಆದರೆ ಬರಹದ ಮೂರು ಮಾತುಗಳನ್ನು ಹಾಗೇ ಬಿಡುವಂತಿಲ್ಲ. ದೇಶದಲ್ಲಿ 718 ಹಿಮ ಚಿರತೆಗಳನ್ನು 'ಎಣಿಸಲಾಗಿದೆ' ಎಂಬುದು ಒಂದು. ಚರ್ಮದ ಕಳ್ಳಸಾಗಣೆದಾರನೇ ಅದರ ದೊಡ್ಡ ಶತ್ರು ಎಂಬುದು ಇನ್ನೊಂದು. ಇನ್ನಷ್ಟು ಅಭಯಾರಣ್ಯ ಘೋಷಿಸಿದರೆ ಅದು ಉಳಿಯುತ್ತದೆ ಎಂಬುದು ಮೂರನೆಯದು.

ಮೊದಲು 718ರ ವಿಚಾರ. ಕೇಂದ್ರ ಪರಿಸರ ಸಚಿವಾಲಯ 2024ರ ಜನವರಿ 30ರಂದು ಬಿಡುಗಡೆ ಮಾಡಿದ ವರದಿಯ ಸಂಖ್ಯೆ ಇದು. 2019ರಿಂದ 2023ರವರೆಗೆ ನಡೆದ ಈ ಸಮೀಕ್ಷೆಯನ್ನು ಭಾರತೀಯ ವನ್ಯಜೀವಿ ಸಂಸ್ಥೆ ಮುನ್ನಡೆಸಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಮತ್ತು ಡಬ್ಲ್ಯೂಡಬ್ಲ್ಯೂಎಫ್-ಇಂಡಿಯಾ ಜೊತೆಗಿದ್ದವು. ಸುಮಾರು 1,20,000 ಚದರ ಕಿ.ಮೀ. ಪ್ರದೇಶ, 13,450 ಕಿ.ಮೀ. ಕಾಲ್ನಡಿಗೆಯ ಜಾಡು ಹುಡುಕಾಟ, 1,971 ಕಡೆ ಕ್ಯಾಮೆರಾ. ಇಷ್ಟೆಲ್ಲ ಆದಮೇಲೆ ಚಿತ್ರಗಳಲ್ಲಿ ಒಂದೊಂದಾಗಿ ಗುರುತು ಹಿಡಿದ ಪ್ರಾಣಿಗಳು 241. ಉಳಿದದ್ದು ಸಂಖ್ಯಾಶಾಸ್ತ್ರದ ಅಂದಾಜು. ಲಡಾಖ್‌ನಲ್ಲಿ 477, ಉತ್ತರಾಖಂಡದಲ್ಲಿ 124, ಹಿಮಾಚಲ ಪ್ರದೇಶದಲ್ಲಿ 51, ಅರುಣಾಚಲದಲ್ಲಿ 36, ಸಿಕ್ಕಿಂನಲ್ಲಿ 21, ಜಮ್ಮು ಮತ್ತು ಕಾಶ್ಮೀರದಲ್ಲಿ 9 ಎಂದು ಬಂದಿರುವುದು ಆ ಲೆಕ್ಕದ ಫಲ. ಅಂದಾಜು ಎಂದರೆ ಬಾಯಿಗೆ ಬಂದ ಊಹೆಯಲ್ಲ. ಒಂದು ಪ್ರಾಣಿ ಎಷ್ಟು ಸಲ, ಯಾವ ಯಾವ ಕ್ಯಾಮೆರಾದಲ್ಲಿ, ಎಷ್ಟೆಷ್ಟು ದೂರದಲ್ಲಿ ಮತ್ತೆ ಸಿಕ್ಕಿತು ಎಂಬುದರಿಂದ, ಸಿಗದೇ ಉಳಿದವು ಎಷ್ಟಿರಬಹುದು ಎಂದು ಲೆಕ್ಕ ಕಟ್ಟುತ್ತಾರೆ. ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಹುಲಿಗಳ ಮೇಲೆ ಪ್ರಯೋಗಿಸಿದ ವಿಧಾನದ ಮುಂದುವರಿದ ರೂಪವೇ ಇದು. ಆದ್ದರಿಂದ 'ಎಣಿಸಲಾಗಿದೆ' ಬೇಡ, 'ಅಂದಾಜಿಸಲಾಗಿದೆ' ಎನ್ನಿ. ಹಾಗೆಯೇ 'ಸಂಖ್ಯೆ 718ಕ್ಕೆ ಏರಿಕೆ' ಎಂದೂ ಬರೆಯಬೇಡಿ. ಹಿಂದೆಲ್ಲ 400ರಿಂದ 700 ಎಂದು ಹೇಳುತ್ತಿದ್ದುದು ಬರೀ ಊಹೆ. ಊಹೆಯ ಪಕ್ಕದಲ್ಲಿ ಮಾಪನವನ್ನಿಟ್ಟು ಏರಿತೋ ಇಳಿಯಿತೋ ಹೇಳಲಾಗದು.

ಈ ಮಾಪನ ಎಷ್ಟು ನಾಜೂಕಿನದು ಎಂಬುದು ಕ್ಯಾಮೆರಾ ಕಟ್ಟುವ ಜಾಗದಲ್ಲೇ ಗೊತ್ತಾಗುತ್ತದೆ. ಹಿಮ ಚಿರತೆ ಬೆಟ್ಟದ ಏಣು, ಬಂಡೆಗೋಡೆಯ ಬುಡ, ಎರಡು ಕಣಿವೆ ಕೂಡುವ ಕಡೆ ಓಡಾಡುತ್ತದೆ. ಮುಂದಕ್ಕೆ ಚಾಚಿದ ಬಂಡೆಯ ಅಡಿಭಾಗಕ್ಕೆ ಮೂತ್ರ ಸಿಂಪಡಿಸಿ, ಕೆನ್ನೆ ಉಜ್ಜಿ, ಬುಡದಲ್ಲಿ ಹಿಂಗಾಲಿನಿಂದ ಮಣ್ಣು ಕೆರೆದು ಗುರುತು ಬಿಡುತ್ತದೆ. ಅದೇ ಬಂಡೆಗೆ ಬೇರೆ ಬೇರೆ ಪ್ರಾಣಿಗಳು ಮತ್ತೆ ಮತ್ತೆ ಬರುವುದರಿಂದ ಕ್ಯಾಮೆರಾಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನೆಲದಿಂದ ಮೊಣಕಾಲೆತ್ತರದಲ್ಲಿ, ಹಾದಿಗೆ ಓರೆಯಾಗಿ ಇಟ್ಟರೆ ಪಕ್ಕೆ ಮತ್ತು ಬಾಲ ಎರಡೂ ಸಿಗುತ್ತವೆ. ಹಾದಿಗೆ ನೇರ ಮುಖ ಮಾಡಿದರೆ ಬರೀ ಎದೆ ಸಿಗುತ್ತದೆ, ಅದರಿಂದ ಗುರುತು ಹಿಡಿಯಲಾಗದು. ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸಿದರೆ ಬೆಳಗ್ಗೆ ಸಂಜೆಯ ಬಿಸಿಲು ಚಿತ್ರವನ್ನು ಬಿಳುಪು ಮಾಡುತ್ತದೆ. ಎದುರಿಗೆ ಒಂದು ಹುಲ್ಲುಕಡ್ಡಿ ಉಳಿದರೂ ಸಾಕು, ಗಾಳಿಗೆ ಅದು ಅಲ್ಲಾಡಿದಾಗಲೆಲ್ಲ ಕ್ಯಾಮೆರಾ ಕ್ಲಿಕ್ಕಾಗಿ ಕಾರ್ಡ್ ತುಂಬುತ್ತದೆ. ಸಾಮಾನ್ಯ ಆಲ್ಕಲೈನ್ ಸೆಲ್ ಆ ಚಳಿಗೆ ಬೇಗ ಸೋಲುತ್ತದೆ; ಲಿಥಿಯಂ ಸೆಲ್ಲೇ ಬೇಕು. ಇಷ್ಟು ಮಾಡಿದರೂ ಮೈ ತುರಿಸಿಕೊಳ್ಳಲು ಬಂದ ಯಾಕ್ ಒಂದು ಕ್ಯಾಮೆರಾವನ್ನು ಆಕಾಶಕ್ಕೆ ತಿರುಗಿಸಿ ಹೋಗಿರುತ್ತದೆ.

ಆಮೇಲೆ ಚಿತ್ರ ಹೊಂದಿಸುವ ಕೆಲಸ. ಮೈಮೇಲಿನ ಉಂಗುರದಂಥ ಮಚ್ಚೆಗಳು ಪ್ರತಿ ಪ್ರಾಣಿಗೂ ಬೇರೆ, ಆದರೆ ಚಳಿಗಾಲದ ದಟ್ಟ ಕೂದಲಿನಲ್ಲಿ ಅವು ಕಲಸಿಹೋಗುತ್ತವೆ. ಎಡಪಕ್ಕೆಗೂ ಬಲಪಕ್ಕೆಗೂ ಮಚ್ಚೆ ಹೊಂದುವುದಿಲ್ಲವಾದ್ದರಿಂದ ಒಂದೇ ಪ್ರಾಣಿ ಎರಡಾಗಿ ಬಿಡುವ ಅಪಾಯವೂ ಉಂಟು. ಮೃಗಾಲಯದ, ಮೊದಲೇ ಗುರುತು ಗೊತ್ತಿದ್ದ 16 ಹಿಮ ಚಿರತೆಗಳ ಚಿತ್ರಗಳನ್ನು ಎಂಟು ಮಂದಿಗೆ ಕೊಟ್ಟು ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಶೇ 12.5ರಷ್ಟು ವರ್ಗೀಕರಣ ತಪ್ಪಿತ್ತು, ಅದರಿಂದ ಸಂಖ್ಯೆಯ ಅಂದಾಜು ಸರಾಸರಿ ಮೂರನೇ ಒಂದು ಭಾಗದಷ್ಟು ಉಬ್ಬಿತ್ತು. ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಉಬ್ಬು ಏಕೆಂದರೆ, ತಪ್ಪುಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿನವು: ಎರಡನ್ನು ಒಂದು ಎನ್ನುವುದಕ್ಕಿಂತ ಒಂದನ್ನು ಎರಡು ಎನ್ನುವುದೇ ಜಾಸ್ತಿ. ಮುಂದಿನ ಸಮೀಕ್ಷೆಯ ಸಂಖ್ಯೆ ಬಂದಾಗ ತಮ್ಮ ವರದಿಗಾರರು ಮೊದಲು ಕೇಳಬೇಕಾದದ್ದು ಇದನ್ನೇ: ಚಿತ್ರಗಳನ್ನು ಎಷ್ಟು ಮಂದಿ, ಒಬ್ಬರದನ್ನೊಬ್ಬರು ನೋಡದೆ ಹೊಂದಿಸಿದರು? ಅಸ್ಪಷ್ಟ ಚಿತ್ರಗಳನ್ನು ಏನು ಮಾಡಿದರು?

ಇನ್ನು ಶತ್ರುವಿನ ವಿಚಾರ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ 2016ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, 2008ರಿಂದೀಚೆಗೆ 12 ದೇಶಗಳಲ್ಲಿ ವರ್ಷಕ್ಕೆ 221ರಿಂದ 450 ಹಿಮ ಚಿರತೆಗಳು ಹತವಾಗಿವೆ. ಇದರಲ್ಲಿ ಶೇ 55ರಷ್ಟು ಕುರಿ, ಮೇಕೆ, ಯಾಕ್ ಕಳೆದುಕೊಂಡವರ ಸೇಡಿಗೆ. ವ್ಯಾಪಾರಕ್ಕೆಂದೇ ಕೊಂದದ್ದು ಶೇ 21. ಬೇರೆ ಪ್ರಾಣಿಗೆ ಒಡ್ಡಿದ ಉರುಳಿಗೆ ಸಿಕ್ಕು ಸತ್ತದ್ದು ಶೇ 18. ಸೇಡಿಗೆ ಸತ್ತ ಪ್ರಾಣಿಯ ಚರ್ಮ ಆಮೇಲೆ ವ್ಯಾಪಾರಿಯ ಕೈ ಸೇರುವುದುಂಟು. ಆದರೆ ಸಾವು ಶುರುವಾದದ್ದು ರೊಪ್ಪದಲ್ಲಿ, ಸಂತೆಯಲ್ಲಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಹೆಸರಿದ್ದರೆ ರಾತ್ರಿ ಎರಡು ಗಂಟೆಗೆ ಏನೂ ಪ್ರಯೋಜನವಿಲ್ಲ.

ಆ ರಾತ್ರಿ ಎರಡು ಗಂಟೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಲಡಾಖ್, ಹಿಮಾಚಲದ ಸ್ಪಿತಿಯ ಹಳೆಯ ರೊಪ್ಪಗಳು ಎದೆಮಟ್ಟದ ಒಣಕಲ್ಲಿನ ಗೋಡೆಯವು. ಕೆಲವಕ್ಕೆ ಮಾಡೇ ಇಲ್ಲ, ಕೆಲವಕ್ಕೆ ಮಣ್ಣಿನ ಮಾಡಿದ್ದರೂ ಗಾಳಿಗೆಂದು ನಡುವೆ ಗವಾಕ್ಷಿ ಬಿಟ್ಟಿರುತ್ತಾರೆ. ಬಂಡೆಗೋಡೆ ಹತ್ತಿಳಿಯುವ ಪ್ರಾಣಿಗೆ ಆ ಗೋಡೆ ಲೆಕ್ಕಕ್ಕೇ ಇಲ್ಲ. ಒಳಗೆ ಧುಮುಕಿದ ಮೇಲೆ ತೊಂದರೆ ಶುರು. ಬಯಲಿನಲ್ಲಾದರೆ ಒಂದನ್ನು ಹಿಡಿಯುವಷ್ಟರಲ್ಲಿ ಮಂದೆ ಚದುರಿ ಓಡುತ್ತದೆ, ಬೇಟೆ ಅಲ್ಲಿಗೆ ಮುಗಿಯುತ್ತದೆ. ರೊಪ್ಪದಲ್ಲಿ ಓಡಲು ಜಾಗವಿಲ್ಲ. ಬೆದರಿದ ಕುರಿಗಳು ಸುತ್ತಲೂ ನುಗ್ಗುತ್ತಲೇ ಇರುತ್ತವೆ, ಆ ಚಲನೆಗೆ ಕೆರಳಿ ಅದು ಕೊಲ್ಲುತ್ತಲೇ ಹೋಗುತ್ತದೆ. ತಿನ್ನುವುದು ಒಂದನ್ನು, ಬೆಳಗಾಗುವಾಗ ಸತ್ತಿರುವುದು ಹತ್ತೋ ಇಪ್ಪತ್ತೋ. ಇದನ್ನು 'ರಕ್ತಪಿಪಾಸೆ' ಎಂದು ಬರೆಯುವುದು ತಪ್ಪು. ಆದರೆ ವರ್ಷದ ದುಡಿಮೆ ಒಂದೇ ರಾತ್ರಿ ಹೋದ ಮನೆಯವರಿಗೆ ಪ್ರಾಣಿಶಾಸ್ತ್ರ ಹೇಳಲು ಹೋಗುವುದು ಅದಕ್ಕಿಂತ ದೊಡ್ಡ ತಪ್ಪು. ಎಷ್ಟೋ ಸಲ ಬೆಳಗ್ಗೆ ಪ್ರಾಣಿ ಇನ್ನೂ ಒಳಗೇ ಮೂಲೆಯಲ್ಲಿ ಕೂತಿರುತ್ತದೆ. ಮನುಷ್ಯರ ಮೇಲೆ ಅದು ಎರಗುವುದು ತೀರಾ ವಿರಳ. ಆದ್ದರಿಂದಲೇ ಕಲ್ಲು ಬಡಿಗೆಗಳಿಗೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಜನರನ್ನು ದೂರ ಸರಿಸಿ, ಕದ ತೆರೆದಿಟ್ಟು ಸುಮ್ಮನಿದ್ದರೆ ತಾನಾಗಿ ಹೊರಟುಹೋಗುತ್ತದೆ.

ಇದಕ್ಕೆ ಮದ್ದು ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಲಡಾಖ್‌ನಲ್ಲಿ ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಸಂಸ್ಥೆಯವರು ಎರಡು ದಶಕಗಳಿಂದ ಊರವರ ಜೊತೆ ಸೇರಿ ರೊಪ್ಪ ಭದ್ರಪಡಿಸುತ್ತಿದ್ದಾರೆ. ಕಲ್ಲು ಮತ್ತು ಆಳು ಊರಿನದು. ಜಾಲರಿ, ತೊಲೆ, ಕದ ಹೊರಗಿನದು. ಗೋಡೆಯನ್ನು ಆಳೆತ್ತರ ಮೀರಿಸಿ, ಮೇಲೆ ಪಾಪ್ಲರ್ ಮರದ ತೊಲೆಗಳನ್ನು ಅಡ್ಡ ಹಾಸಿ, ಅದರ ಮೇಲೆ ಕಬ್ಬಿಣದ ತಂತಿ ಜಾಲರಿ ಎಳೆದು ಬಿಗಿಯುತ್ತಾರೆ. ಗವಾಕ್ಷಿಗಳಿಗೂ ಜಾಲರಿ. ಚೌಕಟ್ಟಿಗೆ ಸರಿಯಾಗಿ ಕೂರುವ ಗಟ್ಟಿ ಕದ, ಒಳ್ಳೆಯ ಅಗುಳಿ. ಹೇಳಲು ಇಷ್ಟೇ. ಕೆಡುವುದು ಮಾತ್ರ ಸಣ್ಣ ಸಣ್ಣ ಕಡೆ. ಜಾಲರಿಯ ಕಣ್ಣು ತೀರಾ ಚಿಕ್ಕದಾದರೆ ಹಿಮ ಮೇಲೆಯೇ ನಿಂತು ಭಾರಕ್ಕೆ ತೊಲೆ ಬಾಗುತ್ತದೆ, ದೊಡ್ಡದಾದರೆ ಪ್ರಾಣಿ ಪಂಜ ತೂರಿಸಿ ಹರಿಯುತ್ತದೆ. ಮೂರಿಂಚಿನ ಆಸುಪಾಸು ಸರಿ. ತೊಲೆಗಳ ನಡುವೆ ಅಂತರ ಹೆಚ್ಚಾದರೆ ಜಾಲರಿ ತೊಟ್ಟಿಲಿನಂತೆ ಜೋತುಬೀಳುತ್ತದೆ. ಅದರ ಅಂಚನ್ನು ಗೋಡೆಯ ಮೇಲೆ ಬರೀ ಹೊದಿಸಿ ಕಲ್ಲು ಹೇರಿದರೆ ಸಾಲದು, ಹೊರಮೈಗೆ ಒಂದಡಿ ಇಳಿಸಿ ಕಟ್ಟಬೇಕು; ಪ್ರಾಣಿ ನುಸುಳಲು ನೋಡುವುದು ಗೋಡೆ ಮತ್ತು ಜಾಲರಿ ಕೂಡುವ ಸಂದಿನಲ್ಲೇ. ಹಸಿ ಮರದ ಕದ ಒಣಗಿದ ಮೇಲೆ ಸೊಟ್ಟಗಾಗಿ ಕೆಳಗೆ ಗೇಣು ಸಂದು ಬಿಡುತ್ತದೆ. ಹಿಮ ಚಿರತೆ ಮೇಲಿನಿಂದ ಬಂದರೆ ತೋಳ ಕೆಳಗಿನಿಂದ ಬರುತ್ತದೆ, ಹೀಗಾಗಿ ಹೊಸ್ತಿಲಿಗೆ ಚಪ್ಪಡಿ ಹೂಳಲೇಬೇಕು.

ಒಂದು ಕೊರತೆಯನ್ನೂ ಹೇಳಬೇಕು. ಊರಿನ ರೊಪ್ಪ ಭದ್ರವಾದರೂ ಬೇಸಿಗೆಯಲ್ಲಿ ಮಂದೆ ಊರಿನಲ್ಲಿರುವುದಿಲ್ಲ. ಎತ್ತರದ ಡೋಕ್ಸಾಗಳಲ್ಲಿ, ಅಂದರೆ ಬೇಸಿಗೆ ಬಿಡಾರಗಳಲ್ಲಿ, ಇರುತ್ತದೆ. ಅಲ್ಲಿಗೆ ತೊಲೆ ಹೊತ್ತೊಯ್ಯುವುದು ಕಷ್ಟ. ಮಿನುಗು ದೀಪಗಳನ್ನು ಇಟ್ಟು ನೋಡಿದ್ದಾರೆ. ಕೆಲವು ವಾರ ಕೆಲಸ ಮಾಡುತ್ತವೆ, ಒಂದೇ ಜಾಗದಲ್ಲಿ ಬಿಟ್ಟರೆ ಪ್ರಾಣಿಗೆ ರೂಢಿಯಾಗುತ್ತದೆ. ಕಾವಲಿಲ್ಲದೆ ಮೇಯುವ ಯಾಕ್ ಕರು ಮತ್ತು ಕುದುರೆಮರಿಗೆ ಯಾವ ರೊಪ್ಪವೂ ಇಲ್ಲ. ಅಲ್ಲಿ ಉಳಿಯುವ ದಾರಿ ಎರಡೇ: ಕಾಯುವ ಮನುಷ್ಯ, ಇಲ್ಲವೇ ನಷ್ಟ ತುಂಬುವ ವಿಮೆ.

ವಿಮೆಗೆ ಸ್ಪಿತಿಯ ಕಿಬ್ಬರ್ ಊರು ಒಳ್ಳೆಯ ಪಾಠ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಚಾರುದತ್ತ ಮಿಶ್ರಾ ಅಲ್ಲಿ ನಡೆಸಿದ ಅಧ್ಯಯನದಲ್ಲಿ, ತಮ್ಮ ಜಾನುವಾರಿನಲ್ಲಿ ಶೇ 18ರಷ್ಟು ಒಂದೂವರೆ ವರ್ಷದಲ್ಲಿ ಕಾಡುಪ್ರಾಣಿಗಳ ಪಾಲಾಯಿತು ಎಂದು ಊರವರು ಹೇಳಿದ್ದರು. ಒಂದು ಕುಟುಂಬದ ಸರಾಸರಿ ವಾರ್ಷಿಕ ನಷ್ಟ ಅಲ್ಲಿನ ತಲಾ ವಾರ್ಷಿಕ ಆದಾಯದ ಅರ್ಧದಷ್ಟಿತ್ತು. ಸರ್ಕಾರದಿಂದ ಬಂದ ಪರಿಹಾರ ನಷ್ಟದ ಶೇ 3. ಅರ್ಜಿ, ಮಹಜರು, ತಾಲ್ಲೂಕು ಕೇಂದ್ರಕ್ಕೆ ಎರಡು ದಿನದ ಓಡಾಟ, ಅಷ್ಟರಲ್ಲಿ ಸಾಕ್ಷಿಯಾಗಬೇಕಿದ್ದ ಹೆಣವನ್ನು ರಣಹದ್ದು ಮುಗಿಸಿರುತ್ತದೆ. 2002ರಲ್ಲಿ ಊರವರೇ ನಡೆಸುವ ವಿಮೆ ಶುರುವಾಯಿತು. ಪ್ರತಿ ಜಾನುವಾರಿಗೆ ಇಷ್ಟೆಂದು ಕಂತು ಕಟ್ಟುತ್ತಾರೆ, ಸತ್ತ ಪ್ರಾಣಿಯನ್ನು ಊರ ಸಮಿತಿಯೇ ಹೋಗಿ ನೋಡುತ್ತದೆ, ಹಣ ಊರಲ್ಲೇ ಹಂಚಿಕೆಯಾಗುತ್ತದೆ. ಸುಳ್ಳು ಹೇಳಿದರೆ ಪಕ್ಕದ ಮನೆಯವನ ದುಡ್ಡು ಹೋಗುತ್ತದೆ. ಆದ್ದರಿಂದ ಸುಳ್ಳು ಕಡಿಮೆ. ಕಂತನ್ನು ಪೂರ್ತಿ ಹೊರಗಿನವರೇ ಕಟ್ಟಿದ ಕಡೆ ಈ ಬಿಗಿ ಉಳಿಯುವುದಿಲ್ಲ.

ಇದೇ ಊರು 1998ರಲ್ಲಿ ತನ್ನ ಹುಲ್ಲುಗಾವಲಿನ ಸುಮಾರು 500 ಹೆಕ್ಟೇರನ್ನು ಮೇವಿಗೆ ಬಳಸದೆ ಕಾಡುಪ್ರಾಣಿಗೆ ಬಿಟ್ಟಿತು, ಬದಲಿಗೆ ಊರಿನ ಖಜಾನೆಗೆ ಗುತ್ತಿಗೆ ಹಣ. ಮುಂದಿನ ವರ್ಷಗಳಲ್ಲಿ ಅಲ್ಲಿ ಭರಲ್ ಸಂಖ್ಯೆ ಹೆಚ್ಚಿತು. ಭರಲ್ ಎಂದರೆ ನೀಲಿ ಕುರಿ, ಹಿಮ ಚಿರತೆಯ ಮುಖ್ಯ ಆಹಾರ. ಬೆಳೆದ ಹಿಮ ಚಿರತೆಯೊಂದಕ್ಕೆ ವರ್ಷಕ್ಕೆ 20ರಿಂದ 30 ಭರಲ್ ಬೇಕು. 'ಕಾಡುಬೇಟೆ ಹೆಚ್ಚಿಸಿದರೆ ಸಾಕುಪ್ರಾಣಿ ತಂಟೆಗೆ ಬರುವುದಿಲ್ಲ' ಎಂದು ತಮ್ಮ ಬರಹದಲ್ಲಿತ್ತು. ಕೇಳಲು ಚೆಂದ, ನಡೆಯುವುದು ಹಾಗಲ್ಲ. ಸ್ಪಿತಿ ಮತ್ತು ಮಂಗೋಲಿಯದ ಗೋಬಿಯಲ್ಲಿ ನೋಡಿದಾಗ ಭರಲ್, ಐಬೆಕ್ಸ್ ಎಂಬ ಕಾಡುಮೇಕೆ ಹೆಚ್ಚಿದ ಕಡೆ ಹಿಮ ಚಿರತೆಗಳೂ ಹೆಚ್ಚುತ್ತವೆ, ಹಿಂದೆಯೇ ಜಾನುವಾರು ನಷ್ಟವೂ ಹೆಚ್ಚಬಲ್ಲದು ಎಂದು ಕಂಡುಬಂದಿದೆ. ಹಾಗೆಂದು ಭರಲ್ ಬೇಡವೆನ್ನಲಾದೀತೇ? ಜಾಲರಿ ಮೊದಲು ಬರಲಿ, ಹುಲ್ಲುಗಾವಲು ಆಮೇಲೆ. ಕ್ರಮ ತಪ್ಪಿದರೆ ಸಂರಕ್ಷಣೆಯ ಯಶಸ್ಸೇ ಕುರಿಗಾಹಿಯ ನಷ್ಟವಾಗುತ್ತದೆ.

ಅಭಯಾರಣ್ಯದ ಮಾತು ಬೇಗ ಮುಗಿಸಬಹುದು. ಮಂಗೋಲಿಯದ ತೋಸ್ತ್ ಬೆಟ್ಟಗಳಲ್ಲಿ ಜಿಪಿಎಸ್ ಕೊರಳಪಟ್ಟಿ ತೊಡಿಸಿ ನೋಡಿದಾಗ ಒಂದು ಗಂಡಿನ ಓಡಾಟದ ವ್ಯಾಪ್ತಿ ಸರಾಸರಿ 207 ಚದರ ಕಿ.ಮೀ., ಹೆಣ್ಣಿನದು 124. ಹಿಮ ಚಿರತೆ ನೆಲೆಯಲ್ಲಿರುವ ಸಂರಕ್ಷಿತ ಪ್ರದೇಶಗಳಲ್ಲಿ ಶೇ 40ರಷ್ಟು ಒಂದು ಗಂಡಿನ ಈ ವ್ಯಾಪ್ತಿಗಿಂತಲೂ ಚಿಕ್ಕವು ಎಂದು ಅದೇ ಅಧ್ಯಯನ ತೋರಿಸಿತು. ಲಡಾಖ್‌ನ ಹೆಮಿಸ್‌ನಂಥ ವಿಶಾಲ ರಾಷ್ಟ್ರೀಯ ಉದ್ಯಾನದ ಒಳಗೂ ರುಂಬಕ್‌ನಂಥ ಊರುಗಳಿವೆ, ಮಂದೆಗಳಿವೆ. ಬೇಲಿ ಹಾಕಿ ಬೇರ್ಪಡಿಸುವಂಥ ನೆಲ ಅದಲ್ಲ. 2009ರಲ್ಲಿ ಆರಂಭವಾದ ಕೇಂದ್ರದ ಪ್ರಾಜೆಕ್ಟ್ ಸ್ನೋ ಲೆಪರ್ಡ್ ಕೂಡ ಇದನ್ನೇ ಒಪ್ಪಿಕೊಂಡು, ಉದ್ಯಾನದ ಗಡಿಯನ್ನಲ್ಲ, ಇಡೀ ಭೂಪ್ರದೇಶವನ್ನೂ ಅಲ್ಲಿನ ಜನರನ್ನೂ ಯೋಜನೆಯ ಕೇಂದ್ರದಲ್ಲಿಟ್ಟಿತ್ತು.

ಬರಹದಲ್ಲಿ ಒಂದು ಸಾಲೂ ಇಲ್ಲದ್ದು ನಾಯಿಗಳ ಬಗ್ಗೆ. ಪ್ರವಾಸಿ ಕೇಂದ್ರ, ಸೇನಾ ಬಿಡಾರ, ಪೇಟೆಗಳ ಅನ್ನತ್ಯಾಜ್ಯ ತಿಂದು ಬೆಳೆದ ನಾಯಿಹಿಂಡುಗಳು ಲಡಾಖ್, ಸ್ಪಿತಿಯಲ್ಲಿ ಈಗ ಬೇಟೆಗಾರ ಹಿಂಡುಗಳಾಗಿವೆ. ಭರಲ್ ಮರಿಗಳನ್ನು ಅಟ್ಟುತ್ತವೆ, ಹಿಮ ಚಿರತೆಯನ್ನೇ ಬೇಟೆಯಿಂದ ಓಡಿಸುತ್ತವೆ. ಸ್ಪಿತಿಯ ಮೇಲ್ಭಾಗದ ಊರುಗಳಲ್ಲಿ ಕೇಳಿದಾಗ ಕುರಿಮೇಕೆಗಳ ನಷ್ಟದಲ್ಲಿ ನಾಯಿಗಳ ಪಾಲೇ ಹೆಚ್ಚು ಎಂದು ಬಂದಿದೆ. ನಾಯಿ ಕೊಂದದ್ದಕ್ಕೆ ವನ್ಯಜೀವಿ ಪರಿಹಾರವಿಲ್ಲ. ಹೀಗಾಗಿ ದೂರು ಹಿಮ ಚಿರತೆಯ ಹೆಸರಿಗೆ ದಾಖಲಾದರೆ ಆಶ್ಚರ್ಯವಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಒಂದೇ ಸಾಲದು. ಕಸದ ರಾಶಿ ತೆರೆದಿರುವವರೆಗೆ ಅಕ್ಕಪಕ್ಕದ ಕಣಿವೆಯ ನಾಯಿಗಳು ಅಲ್ಲಿಗೆ ಬರುತ್ತಲೇ ಇರುತ್ತವೆ.

ಪ್ರವಾಸಿಗರ ಬಗ್ಗೆಯೂ ಒಂದು ಮಾತು, ಏಕೆಂದರೆ ತಮ್ಮ ಬರಹದ ಕೊನೆಗೆ 'ಚಳಿಗಾಲದಲ್ಲಿ ಹೋದರೆ ನೋಡಬಹುದು' ಎಂಬ ಸಲಹೆ ಇತ್ತು. ಹೋಗಲಿ, ತಪ್ಪಿಲ್ಲ. ಹೋಮ್‌ಸ್ಟೇಯ ಹಣ ಊರಿನ ಮನೆಗೆ ಬರುತ್ತದೆ, ಕುರಿ ಸತ್ತರೂ ಹಿಮ ಚಿರತೆ ಬದುಕಿರಲಿ ಎನ್ನಲು ಅದೊಂದು ಕಾರಣವಾಗುತ್ತದೆ. ಆದರೆ ಹಿಮ ಚಿರತೆ ಸುಲಭವಾಗಿ ಕಣ್ಣಿಗೆ ಬೀಳುವುದು ಬೇಟೆಯ ಬಳಿ ಕೂತಾಗ. ಭರಲ್ ಒಂದನ್ನು ಕೊಂದರೆ ಮೂರ್ನಾಲ್ಕು ದಿನ, ಕೆಲವೊಮ್ಮೆ ವಾರ, ಅಲ್ಲೇ ಇದ್ದು ತಿನ್ನುತ್ತದೆ. ಸುದ್ದಿ ಹಬ್ಬಿ ನಲವತ್ತು ಮಂದಿ ಸೇರಿ, ಯಾರೋ ಡ್ರೋನ್ ಹಾರಿಸಿ, ಮತ್ತಾರೋ ಇನ್ನೂ ನೂರು ಮೀಟರ್ ಮುಂದೆ ಹೋದರೆ ಅದು ಬೇಟೆ ಬಿಟ್ಟು ಹೋಗುತ್ತದೆ. ಹಸಿವು ತೀರದಿದ್ದರೆ ಇನ್ನೊಂದನ್ನು ಕೊಲ್ಲಲೇಬೇಕು, ಎರಡನೆಯದು ಭರಲ್ಲೇ ಆಗಬೇಕೆಂದೇನೂ ಇಲ್ಲ. ಸತ್ತ ಯಾಕ್ ಕರುವನ್ನು ಹಿಮ ಚಿರತೆಯಿಂದ ಕಿತ್ತು ತರುವ ಕಡೆಯೂ ಇದೇ ಲೆಕ್ಕ. ಹೆಣವನ್ನು ಅಲ್ಲೇ ಬಿಟ್ಟರೆ ಮುಂದಿನ ಕೆಲವು ದಿನವಾದರೂ ಮಂದೆಗೆ ಬಿಡುವು. ಮರಿಗಳ ಕಾಲದಲ್ಲಂತೂ ಇನ್ನೂ ಎಚ್ಚರ ಬೇಕು. ಜನವರಿಯಿಂದ ಮಾರ್ಚ್ ನಡುವೆ ಬೆದೆ, ಸುಮಾರು ನೂರು ದಿನದ ಗರ್ಭ, ಬೇಸಿಗೆಯ ಆರಂಭದಲ್ಲಿ ಎರಡು ಮೂರು ಮರಿ. ಒಂದೂವರೆ ವರ್ಷಕ್ಕೂ ಮೀರಿ ಮರಿಗಳು ತಾಯಿಯ ಜೊತೆಗಿರುತ್ತವೆ. ಆ ಅವಧಿಯಲ್ಲಿ ತಾಯಿ ಸತ್ತರೆ ಕಳೆದುಕೊಳ್ಳುವುದು ಒಂದನ್ನಲ್ಲ, ಮೂರ್ನಾಲ್ಕನ್ನು.

ಹೆಸರಿನ ಗೊಂದಲವನ್ನೂ ಸರಿಪಡಿಸಬಹುದಿತ್ತು. ಚಿರತೆ ಎಂದು ಕರೆಯುತ್ತೇವಾದರೂ ವಂಶದಲ್ಲಿ ಅದಕ್ಕೆ ಹತ್ತಿರದ ನೆಂಟ ಹುಲಿ. ಘರ್ಜಿಸಲು ಬರುವುದಿಲ್ಲ. 'ತೆಳು ಗಾಳಿಗೆ ಒಗ್ಗಿದ ವಿಶೇಷ ರಕ್ತ' ಎಂಬುದೂ ತಪ್ಪು. ಆಮ್ಲಜನಕ ಹಿಡಿಯುವುದರಲ್ಲಿ ಅದರ ಹಿಮೋಗ್ಲೋಬಿನ್ ಮನೆಬೆಕ್ಕಿನದಕ್ಕಿಂತ ಹೆಚ್ಚಿನದೇನಲ್ಲ ಎಂದು 2015ರಲ್ಲೇ ಗೊತ್ತಾಗಿದೆ.

ಕೊನೆಯದಾಗಿ ತಮ್ಮ ಪತ್ರಿಕೆಯ ಕೈಯಲ್ಲೇ ಇರುವ ಒಂದು ಸಂಗತಿ. ಬರಹದ ಜೊತೆಗಿದ್ದ ಚಿತ್ರದ ಅಡಿಯಲ್ಲಿ ಕಣಿವೆಯ ಹೆಸರು, ತೆಗೆದ ದಿನಾಂಕ, ಹತ್ತಿರದ ಊರು ಮೂರೂ ಇದ್ದವು. ಚಿತ್ರದಲ್ಲಿದ್ದದ್ದು ಎರಡು ಮರಿಗಳ ತಾಯಿ. ಹಿಂದಿನ ಬೆಟ್ಟದ ಏಣು ನೋಡಿದರೆ ಆ ಪ್ರದೇಶ ಬಲ್ಲವರು ಗುಹೆಯ ದಿಕ್ಕನ್ನೂ ಹೇಳಿಯಾರು. ಇನ್ನು ಮುಂದೆ ಇಂಥ ಚಿತ್ರಗಳಿಗೆ ರಾಜ್ಯದ ಅಥವಾ ಕೇಂದ್ರಾಡಳಿತ ಪ್ರದೇಶದ ಹೆಸರು, ಋತು ಇಷ್ಟೇ ಸಾಕು. ಅಂತರ್ಜಾಲ ಆವೃತ್ತಿಯಲ್ಲಿ ಮೂಲ ಕಡತದೊಳಗೇ ಜಿಪಿಎಸ್ ಅಂಕಿಗಳು ಉಳಿದಿರುವ ಸಾಧ್ಯತೆ ಇರುವುದರಿಂದ ಅವನ್ನು ಅಳಿಸಿ ಏರಿಸುವಂತೆ ಚಿತ್ರ ವಿಭಾಗಕ್ಕೆ ತಿಳಿಸಬೇಕೆಂದು ಕೋರಿಕೆ.

ಇತಿ,
ತಮ್ಮ ಓದುಗರು